ಕಿವಿ ಮೇಸ್ತ್ರಿ ಕಟ್ಟಿದ ಜೀಪಿನ ಎಂಜಿನ್

ಕಿವಿ ಮೇಸ್ತ್ರಿ ಎಂಬ ಹೆಸರು ಅವನಿಗೆ ಬಿದ್ದದ್ದು ಕ್ಷೌರದ ಅಂಗಡಿಯಲ್ಲಿ. ಮುಖದ ತುಂಬ ಸೋಪಿನ ನೊರೆ ಮೆತ್ತಿಸಿಕೊಂಡು, ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದ. ಹೊರಗೆ ಲಾರಿಯೊಂದು ಹಾದುಹೋದದ್ದೇ ತಡ, "ಅದನ್ನ ನಿಲ್ಸ್ರಪ್ಪಾ, ಮೂರನೇ ಸಿಲಿಂಡರಿನ ವಾಲ್ವು ಹಿಡ್ಕೊಳ್ತಾ ಇದೆ!" ಎಂದು ಕೂಗಿದ. ಕ್ಷೌರಿಕ ಬೆಚ್ಚಿಬಿದ್ದು ಕತ್ತಿ ಮೇಲೆತ್ತಿದ. ಲಾರಿಯವನು ಬಾಗಿಲಿಗೆ ಓಡಿಬಂದ ನೊರೆಮುಖವನ್ನು ನೋಡಿ ನಕ್ಕು ಮುಂದಕ್ಕೆ ಹೋದ. ಸಂಜೆಯ ಹೊತ್ತಿಗೆ ಆ ಲಾರಿಯನ್ನು ಇನ್ನೊಂದು ಲಾರಿ ಎಳೆದು ತಂದು ಅವನು ಕೆಲಸ ಮಾಡುತ್ತಿದ್ದ ಗ್ಯಾರೇಜಿನ ಮುಂದೆ ಬಿಟ್ಟಿತು. ಬಿಚ್ಚಿ ನೋಡಿದರೆ ಮೂರನೇ ಸಿಲಿಂಡರೇ.

ಹಾಗೆ ನಲವತ್ತು ವರ್ಷ ನಡೆಯಿತು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಒಂದು ನಿಮಿಷ ಕಣ್ಣು ಮುಚ್ಚಿದನೆಂದರೆ ರೋಗ ಹೊರಗೆ ಬಂತೆಂದೇ ಲೆಕ್ಕ. ಮೈಕ್ರೊಮೀಟರು, ಗೇಜು, ಅಳತೆಪಟ್ಟಿ ಇವೆಲ್ಲ ಕಿವಿ ಇಲ್ಲದವರಿಗೆ ಎಂಬುದು ಅವನ ಜಂಬ. ಆ ಜಂಬಕ್ಕೆ ಯಾರೂ ಎದುರಾಡುತ್ತಿರಲಿಲ್ಲ, ಏಕೆಂದರೆ ಅವನು ತಪ್ಪುತ್ತಿರಲಿಲ್ಲ.

ಹೆಂಡತಿಯದೂ ಕಿವಿಯದೇ ಕೆಲಸ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಆಪರೇಟರ್ ಆಗಿದ್ದವಳು. ಆ ಕಡೆಯವರು ಹಲೋ ಅನ್ನುವ ಮೊದಲೇ ಉಸಿರಿನಿಂದ ಯಾರೆಂದು ಗುರುತು ಹಿಡಿಯುತ್ತಿದ್ದಳಂತೆ. ನಿವೃತ್ತಿಯಾದ ಮೇಲೂ ಬೀದಿಯವರಿಗೆ ಆಕೆ ಆಪರೇಟರಮ್ಮನೇ.

ಮೇಸ್ತ್ರಿಯ ಕಿವಿ ಮಂದವಾಗುತ್ತಿದೆ ಎಂಬುದು ಬಹಳ ದಿನ ಯಾರಿಗೂ ತಿಳಿಯಲಿಲ್ಲ. ಹೆಂಡತಿಗಂತೂ ತಿಳಿಯುವ ದಾರಿಯೇ ಇರಲಿಲ್ಲ. 'ನಾನು ಹೇಳಿದ್ದು ಇವರ ಕಿವಿಗೆ ಬೀಳೋದೇ ಇಲ್ಲ' ಎಂದು ಮದುವೆಯಾದ ವರ್ಷದಿಂದಲೂ ಆಕೆ ದೂರುತ್ತಲೇ ಬಂದಿದ್ದಳಲ್ಲ. ಕೊನೆಗೊಂದು ದಿನ ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದ್ದರೂ, ಆಕೆ ಸ್ನಾನದ ಮನೆಯಿಂದ ಗಂಟಲು ಹರಿದುಕೊಂಡರೂ, ಮೇಸ್ತ್ರಿ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ. ಅವತ್ತೇ ಕೈ ಹಿಡಿದು ಡಾಕ್ಟರ ಬಳಿಗೆ ಎಳೆದೊಯ್ದಳು. ನಲವತ್ತು ವರ್ಷದ ಸುತ್ತಿಗೆ ಏಟು, ಗ್ರೈಂಡರಿನ ಕಿರುಚಾಟ, ಎಲ್ಲ ಸೇರಿ ಒಳಗಿನ ನರ ಸತ್ತಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದರು ಅವರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಮನೆಯ ಮಾತಿಗೆ ಅದು ಸಾಕಾಯಿತು. ಗ್ಯಾರೇಜಿನಲ್ಲಿ ಮಾತ್ರ ಅದನ್ನು ಹಾಕಿಕೊಂಡರೆ ಸ್ಪ್ಯಾನರು ಬಿದ್ದದ್ದೂ, ಎಂಜಿನ್ ಬಡಿದದ್ದೂ, ಪಕ್ಕದವನು ಕೆಮ್ಮಿದ್ದೂ ಒಂದೇ ಗದ್ದಲವಾಗಿ ತಲೆಯ ಮೇಲೆ ಕವುಚಿಕೊಳ್ಳುತ್ತಿತ್ತು. ಮೇಸ್ತ್ರಿ ಅದನ್ನು ಜೇಬಿಗೆ ಹಾಕಿಕೊಂಡ. ಗ್ಯಾರೇಜಿನಲ್ಲಿ ಯಾರಿಗೂ ಹೇಳಲಿಲ್ಲ.

ಹೇಳದೆ ಇದ್ದದ್ದಕ್ಕೆ ತೆರಬೇಕಾದ್ದನ್ನು ತೆತ್ತ. ಸಾಮಾನು ಸಾಗಿಸುವ ವ್ಯಾನೊಂದು ಬಂತು. ಒಳಗೆ ಏನೋ ಬಡೀತಿದೆ ಮೇಸ್ತ್ರಿ, ಎಂದ ಡ್ರೈವರ್. ಮೇಸ್ತ್ರಿ ಸ್ಕ್ರೂಡ್ರೈವರ್ ಹಚ್ಚಿ ಆಲಿಸಿದ. ಏನೂ ಕೇಳಿಸಲಿಲ್ಲ. ಕೇಳಿಸಲಿಲ್ಲ ಅಂದಮೇಲೆ ಸದ್ದೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡು, "ಏನೂ ಇಲ್ಲ ಹೋಗಪ್ಪಾ" ಎಂದ. ವ್ಯಾನು ಊರಾಚೆಯ ಸೇತುವೆ ಮುಟ್ಟುವಷ್ಟರಲ್ಲಿ ಪಿಸ್ಟನ್ ಹಿಡಿದಿದ್ದ ಕನೆಕ್ಟಿಂಗ್ ರಾಡು ಮುರಿದು, ಎಂಜಿನ್ನಿನ ಹೊಟ್ಟೆಯನ್ನೇ ಬಗೆದು ಹೊರಬಂತು. ವ್ಯಾನು ಸೇತುವೆಯ ಗೋಡೆಗೆ ಉಜ್ಜಿಕೊಂಡು ನಿಂತಿತು. ಡ್ರೈವರನ ಜೀವಕ್ಕೆ ಏನೂ ಆಗಲಿಲ್ಲ.

ಗ್ಯಾರೇಜಿನ ಮಾಲೀಕ ಮೇಸ್ತ್ರಿಯ ಶಿಷ್ಯನೇ. ಸ್ಪ್ಯಾನರು ಹಿಡಿಯಲು ಕಲಿತದ್ದೇ ಇವನ ಕೈಕೆಳಗೆ. ಅವನು ಬೈಯಲಿಲ್ಲ. "ಪರವಾಗಿಲ್ಲ ಬಿಡಿ ಮೇಸ್ತ್ರಿ, ನಾಳೆಯಿಂದ ಕೌಂಟರಿನಲ್ಲಿ ಕೂತ್ಕೊಳ್ಳಿ, ಬಿಸಿಲು ಧೂಳು ಯಾಕೆ" ಎಂದ. ಬೈದಿದ್ದರೆ ಮೇಸ್ತ್ರಿ ಉಳಿದುಕೊಳ್ಳುತ್ತಿದ್ದನೋ ಏನೋ. ಈ ಮರ್ಯಾದೆ ತಡೆಯಲಾಗಲಿಲ್ಲ. ಸೋಪಿನ ಪುಡಿಯಲ್ಲಿ ಮೊಣಕೈವರೆಗೆ ಕೈ ತೊಳೆದು, ತನ್ನ ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ ಮನೆಗೆ ಬಂದುಬಿಟ್ಟ.

ಎರಡು ವರ್ಷ ಮನೆಯಲ್ಲೇ ಕಳೆದ. ಬಾಗಿಲ ಕೀಲಿಗೆ ಎಣ್ಣೆ ಹಾಕಿದ, ನಲ್ಲಿ ಸರಿಮಾಡಿದ, ಸರಿಯಾಗಿದ್ದ ಗಡಿಯಾರವನ್ನು ಬಿಚ್ಚಿ ಕೆಡಿಸಿದ. "ಇನ್ನೇನೂ ಸಿಗದಿದ್ರೆ ನನ್ನನ್ನೇ ಬಿಚ್ಚಿ ನೋಡ್ಬಿಡ್ತೀರಾ ನೀವು" ಎಂದು ಆಪರೇಟರಮ್ಮ ರೇಗಿದಳು.

ಇಂಥ ದಿನಗಳಲ್ಲಿ ದನದ ಡಾಕ್ಟರಮ್ಮ ಮನೆಗೆ ಬಂದಳು. ಅರ್ಧ ಜಿಲ್ಲೆಯ ದನ, ಕುರಿ, ಆಡುಗಳಿಗೆ ಅವಳೊಬ್ಬಳೇ ವೈದ್ಯೆ. ಅವಳದೊಂದು ಹಳೆಯ ಪೆಟ್ರೋಲ್ ಜೀಪು. ಅವಳ ತಂದೆ ಓಡಿಸಿದ್ದು, ಅವಳಿಗಿಂತ ಹತ್ತು ವರ್ಷ ದೊಡ್ಡದು. ನಾಲ್ಕು ತಿಂಗಳಿಂದ ಅದು ಕೆಟ್ಟು ನಿಂತಿತ್ತು. ನಿಲ್ಲುವ ಮುಂಚೆ ನೀಲಿ ಹೊಗೆ ಉಗುಳುತ್ತಿತ್ತು, ಪೆಟ್ರೋಲಿಗಿಂತ ಹೆಚ್ಚು ಆಯಿಲ್ಲೇ ಕುಡಿಯುತ್ತಿತ್ತು, ಏರು ಕಂಡರೆ ಕುಸಿದು ಕೂರುತ್ತಿತ್ತು.

"ಮೂರು ಕಡೆ ತೋರಿಸ್ದೆ ಮೇಸ್ತ್ರಿ" ಎಂದು ಅವಳು ಅವನ ಬಲಗಿವಿಯ ಹತ್ತಿರ ಬಾಗಿ ಹೇಳಿದಳು. "ನಿಮ್ಮ ಶಿಷ್ಯನೂ ನೋಡಿದ. ಎಲ್ಲರದ್ದೂ ಒಂದೇ ಮಾತು. ಹಳೇ ಎಂಜಿನ್ ಬಿಸಾಕಿ, ವ್ಯಾನಿನ ಡೀಸೆಲ್ ಎಂಜಿನ್ ಕೂರಿಸೋಣ, ಅದಕ್ಕೆ ಜೀಪಿನ ಅಡಿಯ ಚೌಕಟ್ಟು, ಚಾಸಿನ, ಸ್ವಲ್ಪ ಕತ್ತರಿಸ್ಬೇಕು ಅಂತ."

"ಹೊಸ ಗಾಡಿ ತಗೊಳ್ಳಿ" ಎಂದ ಮೇಸ್ತ್ರಿ.

"ಮೇಲಿನ ಹಟ್ಟಿಗೆ ಹೋಗೋ ದಾರೀಲಿ ಎರಡು ಬಂಡೆ ಇದಾವೆ. ಅವುಗಳ ಮಧ್ಯೆ ಈ ಜೀಪು ಆಚೆಗೊಂದು ಗೇಣು, ಈಚೆಗೊಂದು ಗೇಣು ಬಿಟ್ಟು ನುಗ್ಗತ್ತೆ. ಹೊಸ ಗಾಡಿಗಳೆಲ್ಲ ದಪ್ಪ, ಸಿಕ್ಕಿಹಾಕ್ಕೊಳ್ತವೆ. ಅಲ್ಲಿ ಮುನ್ನೂರು ಜಾನುವಾರು ಇದಾವೆ, ಲಸಿಕೆ ಹಾಕ್ಬೇಕು. ಪೆಟ್ಟಿಗೆ ಹೊತ್ಕೊಂಡು ನಡೆದು ಹೋದ್ರೆ ಅರ್ಧ ದಿನ. ಅಷ್ಟರಲ್ಲಿ ಐಸು ಕರಗಿ ಲಸಿಕೆ ನೀರಾಗ್ಬಿಡತ್ತೆ. ಎರಡು ಸಲ ಹಾಗೇ ಆಯ್ತು."

ಡೀಸೆಲ್ ಎಂಜಿನ್ನಿನ ಭಾರಕ್ಕೆ ಆ ಜೀಪಿನ ಮುಂದಿನ ಸ್ಪ್ರಿಂಗುಗಳು ಆರು ತಿಂಗಳೂ ತಾಳವು ಎಂದು ಮೇಸ್ತ್ರಿಗೆ ಗೊತ್ತಿತ್ತು. ಗೊತ್ತಿದ್ದೇನು ಬಂತು?

"ನನಗೆ ಕಿವಿ ಕೇಳಿಸಲ್ಲ ಡಾಕ್ಟರಮ್ಮ. ಎಂಜಿನ್ ಏನು ಹೇಳ್ತಿದೆ ಅಂತ ನನಗೆ ತಿಳಿಯಲ್ಲ." ಹೊರಗಿನವರ ಮುಂದೆ ಆ ಮಾತನ್ನು ಅವನು ಆಡಿದ್ದು ಅದೇ ಮೊದಲು.

ಡಾಕ್ಟರಮ್ಮ ಜೋರಾಗಿ ನಕ್ಕಳು. "ನನ್ನ ರೋಗಿಗಳಲ್ಲಿ ಒಂದಾದ್ರೂ ಬಾಯಿ ಬಿಟ್ಟು ಹೇಳಿದ್ದುಂಟಾ ಮೇಸ್ತ್ರಿ, ಎಲ್ಲಿ ನೋವು ಅಂತ? ಮುಟ್ಟಿ ನೋಡ್ತೀನಿ, ಬಾಯಿ ತೆರೆಸಿ ನೋಡ್ತೀನಿ, ಜ್ವರ ಅಳೀತೀನಿ. ನೀವೂ ಹಾಗೇ ಮಾಡಿ."

ಮರುದಿನ ಟ್ರ್ಯಾಕ್ಟರೊಂದು ಜೀಪನ್ನು ಎಳೆದು ತಂದು ಮೇಸ್ತ್ರಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಟ್ಟಿತು.

ಎಂಜಿನ್ ಎತ್ತಲು ಚೈನ್ ಪುಲ್ಲಿ ಬೇಕಿತ್ತು. ಮೇಸ್ತ್ರಿ ಕೇಳದಿದ್ದರೂ ಶಿಷ್ಯ ಅದನ್ನು ತಾನೇ ಹೊತ್ತು ತಂದ. "ಮೇಸ್ತ್ರಿ, ಈ ವಯಸ್ಸಲ್ಲಿ ಯಾಕೆ ಮೈಮೇಲೆ ಎಳ್ಕೊಳ್ತೀರಾ? ನಾನು ಎರಡು ವಾರದಲ್ಲಿ ಡೀಸೆಲ್ ಕೂರಿಸಿಕೊಡ್ತಿದ್ದೆ" ಎಂದ. ಮೇಸ್ತ್ರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ಕೇಳಿಸದಂತೆ ಇದ್ದುಬಿಟ್ಟ. ಈ ಒಂದು ಸೌಲಭ್ಯ ಅವನಿಗೆ ಹೊಸದಾಗಿ ಬಂದಿತ್ತು.

ಬಿಚ್ಚಿದಾಗ ಒಳಗಿನ ಸ್ಥಿತಿ ನೋಡುವ ಹಾಗಿರಲಿಲ್ಲ. ನಾಲ್ಕನೇ ಪಿಸ್ಟನ್ನಿನ ರಿಂಗು ತುಂಡಾಗಿ ಸಿಲಿಂಡರಿನ ಗೋಡೆಯನ್ನು ಉಗುರಿನಿಂದ ಪರಚಿದಂತೆ ಮೇಲಿಂದ ಕೆಳಗೆ ಗೀರಿತ್ತು. ಉಳಿದ ಮೂರು ಸವೆದು ಅಂಡಾಕಾರವಾಗಿದ್ದವು. ಬೇರಿಂಗುಗಳ ಬಿಳಿ ಲೋಹ ಸವೆದು ಕೆಳಗಿನ ತಾಮ್ರ ಇಣುಕುತ್ತಿತ್ತು. ಕಣ್ಣಿಗೆ ಕಂಡದ್ದಿಷ್ಟು. ಎಷ್ಟು ಸವೆದಿದೆ ಎಂಬುದನ್ನು ಹಿಂದೆಲ್ಲ ಸದ್ದೇ ಹೇಳುತ್ತಿತ್ತು. ಈಗ ಅಳೆಯಲೇಬೇಕು. ಜೀವಮಾನವಿಡೀ ಹೀಯಾಳಿಸಿದ್ದ ಮೈಕ್ರೊಮೀಟರನ್ನು ಸಿಲಿಂಡರು ಕೊರೆಯುವ ಬೋರಿಂಗ್ ಅಂಗಡಿಯವನಿಂದ ಬೇಡಿ ತಂದ. ತಂದದ್ದೇನೋ ಸರಿ, ಆ ಸಣ್ಣ ಗೆರೆಗಳು ಅವನ ಕಣ್ಣಿಗೆ ಸಾಲಿನಲ್ಲಿ ಹರಿದ ಇರುವೆಗಳಂತೆ ಕಂಡವು.

"ಏ, ಇಲ್ಬಾರೇ" ಎಂದು ಹೆಂಡತಿಯನ್ನು ಕರೆದ.

ಆಪರೇಟರಮ್ಮ ಕನ್ನಡಕ ಏರಿಸಿಕೊಂಡು ಬಂದಳು. ಒಂದೊಂದು ಸಿಲಿಂಡರನ್ನು ಆರಾರು ಕಡೆ ಅಳೆದರು. ಆಕೆ ಓದಿ ಹೇಳಿದ್ದನ್ನು ಮೇಸ್ತ್ರಿ ಸೀಮೆಸುಣ್ಣದಲ್ಲಿ ಶೆಡ್ಡಿನ ಗೋಡೆಯ ಮೇಲೆ ಬರೆದ. ವಾರ ಕಳೆಯುವಷ್ಟರಲ್ಲಿ ಗೋಡೆ ಪರೀಕ್ಷೆ ಹತ್ತಿರ ಬಂದ ಶಾಲೆಯ ಬೋರ್ಡಿನಂತೆ ತುಂಬಿಹೋಯಿತು.

ಪಿಸ್ಟನ್ನು ಹುಡುಕುವುದೇ ಒಂದು ತಿಂಗಳ ತಪಸ್ಸಾಯಿತು. ಆ ಎಂಜಿನ್ನಿಗೆ ಪಿಸ್ಟನ್ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮೇಸ್ತ್ರಿ ಬಸ್ಸಿನಲ್ಲಿ ಊರೂರು ಅಲೆದ. ಕೊನೆಗೆ ಹಳೆಯ ಬಿಡಿಭಾಗಗಳ ಅಂಗಡಿಯೊಂದರ ಅಟ್ಟದಲ್ಲಿ ಸಿಕ್ಕಿತು. ಪೆಟ್ಟಿಗೆಯ ಮೇಲೆ ನೀರಿನ ಪಂಪಿನ ಹೆಸರು, ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿಟ್ಟ ನಾಲ್ಕು ಪಿಸ್ಟನ್. ಮೇಸ್ತ್ರಿ ಜೇಬಿನಿಂದ ಮೈಕ್ರೊಮೀಟರ್ ತೆಗೆದು, ಅಂಗಡಿಯವನ ಕೈಯಲ್ಲೇ ಗೆರೆ ಓದಿಸಿದ. ಗೋಡೆಯ ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು. ಸರಿಹೊಂದಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಕೂತಾಕೆ, "ಏನು ಅಜ್ಜಾ, ಮೊಮ್ಮಗೂಗೆ ಉಡುಗೊರೇನಾ?" ಎಂದು ಕೇಳಿದಳು.

ಬೋರಿಂಗ್ ಅಂಗಡಿಯವನು ಗೀರುಬಿದ್ದ ನಾಲ್ಕನೇ ಸಿಲಿಂಡರಿಗೆ ಹೊಸ ಉಕ್ಕಿನ ಒಳಕೊಳವೆ ಕೂರಿಸಿ, ನಾಲ್ಕನ್ನೂ ಪಿಸ್ಟನ್ನಿನ ಅಳತೆಗೆ ಸರಿಯಾಗಿ ಕೊರೆದ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕನ್ನು ಉಜ್ಜಿ ನುಣುಪು ಮಾಡಿದ. ಮೇಸ್ತ್ರಿ ಮಾತ್ರ ದಿನಾ ಹೋಗಿ ಅವನ ತಲೆಯ ಮೇಲೆ ನಿಂತು, ಮೂರು ಸಲ ಅಳೆಯದೆ ಒಪ್ಪಲಿಲ್ಲ. "ಈ ಮನುಷ್ಯ ಕಿವಿ ಇದ್ದಾಗಲೇ ವಾಸಿಯಾಗಿದ್ದ" ಎಂದು ಅಂಗಡಿಯವನು ಗೊಣಗಿದ, ಕೇಳಿಸದು ಎಂಬ ಧೈರ್ಯದ ಮೇಲೆ.

ವಾಲ್ವುಗಳನ್ನು ಕೂರಿಸುವ ಕೆಲಸಕ್ಕೆ ಆಪರೇಟರಮ್ಮ ತಾನೇ ಮುಂದಾದಳು. ವಾಲ್ವು ಮತ್ತು ಅದು ಕೂರುವ ಜಾಗದ ನಡುವೆ ಮರಳುಮರಳಾದ ಪೇಸ್ಟು ಹಚ್ಚಿ, ವಾಲ್ವಿಗೆ ಕಚ್ಚಿಸಿದ ಕಡ್ಡಿಯನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸುತ್ತಾ ಉಜ್ಜಬೇಕು. ಉಜ್ಜಿ ಉಜ್ಜಿ ಎರಡೂ ಒಂದಕ್ಕೊಂದು ಅಂಟಿದಂತೆ ಕೂರಬೇಕು. ಎಷ್ಟು ಉಜ್ಜಿದರೆ ಸಾಕು ಎಂದು ಮೇಸ್ತ್ರಿ ಆಗಾಗ ಎತ್ತಿ ನೋಡುತ್ತಿದ್ದ.

ಮೂರನೆಯದನ್ನು ಉಜ್ಜುವಾಗ ಆಕೆ ಕೈ ನಿಲ್ಲಿಸಿ, "ಸಾಕು ರೀ, ಆಯ್ತು ಇದು" ಎಂದಳು.

"ನಿನಗೆ ಹೇಗೆ ಗೊತ್ತು?"

"ಸದ್ದು ಮೆತ್ತಗಾಯ್ತಲ್ಲ. ಮೊದಲು ಕರಕರ ಅಂತಿತ್ತು, ಈಗ ರೇಷ್ಮೆ ಸೀರೆ ಸರಿದ ಹಾಗಿದೆ."

ಮೇಸ್ತ್ರಿ ಎತ್ತಿ ಒರೆಸಿ ನೋಡಿದ. ಸುತ್ತ ಎಲ್ಲೂ ಕಡಿಯದ ಬೂದುಬಣ್ಣದ ಉಂಗುರ. ಮೇಲೆ ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಕಾದ. ಒಂದು ತೊಟ್ಟೂ ಕೆಳಗೆ ಜಿನುಗಲಿಲ್ಲ. ಅವನು ಹೆಂಡತಿಯ ಮುಖವನ್ನು ನೋಡುತ್ತಾ ನಿಂತ. ಮೂವತ್ತೈದು ವರ್ಷ ಒಂದೇ ಸೂರಿನಡಿ ಇದ್ದರೂ ಈ ಕಿವಿಯ ಕಡೆ ಅವನ ಲಕ್ಷ್ಯ ಹೋಗಿರಲಿಲ್ಲ.

"ಏನ್ ಹಾಗ್ ನೋಡ್ತೀರಾ? ಮುಖಕ್ಕೆ ಮಸಿ ಹತ್ತಿದೆಯಾ?"

"ಹತ್ತಿದೆ" ಎಂದ ಮೇಸ್ತ್ರಿ.

ಕಟ್ಟಿದ ಎಂಜಿನ್ನನ್ನು ಜೀಪಿಗೆ ಮರಳಿ ಕೂರಿಸಿ ಚಾಲೂ ಮಾಡುವ ದಿನ ಬಂತು. ಭಾನುವಾರ ಬೆಳಗ್ಗೆ, ಡಾಕ್ಟರಮ್ಮ, ಶಿಷ್ಯ, ಬೋರಿಂಗ್ ಅಂಗಡಿಯವನು ಎಲ್ಲ ಶೆಡ್ಡಿನಲ್ಲಿ ಸೇರಿದರು. ಮೇಸ್ತ್ರಿ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಿದ. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲ ಒಂದು ಸೀನು. ಮೂರನೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಆಯಿಲ್ ಒತ್ತಡದ ಮುಳ್ಳು ತಳದಿಂದ ಎದ್ದು ನಡುವಿನಲ್ಲಿ ನಿಂತಿತು. ಹಿಂದಿನ ಕೊಳವೆಯಿಂದ ಹೊಗೆಯೇ ಕಾಣಲಿಲ್ಲ. ಡಾಕ್ಟರಮ್ಮ ಚಪ್ಪಾಳೆ ತಟ್ಟಿದಳು. ಶಿಷ್ಯ ಕಿವಿಯಿಟ್ಟು ಕೇಳಿ ಹೆಬ್ಬೆರಳು ಎತ್ತಿದ. ಮೇಸ್ತ್ರಿ ಅಂಗೈಯನ್ನು ಎಂಜಿನ್ನಿನ ಮೇಲಿಟ್ಟ. ನಡುಕವೆಲ್ಲ ಒಂದೇ ಸಮ.

ಇಪ್ಪತ್ತು ನಿಮಿಷ ಓಡಿರಬೇಕು. ಮೂಲೆಯಲ್ಲಿ ನಿಂತಿದ್ದ ಆಪರೇಟರಮ್ಮ ಹತ್ತಿರ ಬಂದು ಗಂಡನ ತೋಳು ಜಗ್ಗಿದಳು.

"ಏನೋ ಕಿಟ್ ಅಂತಿದೆ ರೀ. ಮುಂದಿನ ಕಡೆ."

"ಅಮ್ಮಾ, ಹೊಸದಾಗಿ ಕಟ್ಟಿದ ಎಂಜಿನ್. ಸ್ವಲ್ಪ ದಿನ ಹಾಗೇ ಇರತ್ತೆ, ಆಮೇಲೆ ಹೊಂದಿಕೊಳ್ಳತ್ತೆ. ನನಗಂತೂ ಏನೂ ಕೇಳಿಸ್ತಿಲ್ಲ" ಎಂದ ಶಿಷ್ಯ.

ಎಲ್ಲರೂ ಮೇಸ್ತ್ರಿಯ ಕಡೆ ನೋಡಿದರು. ಅವನ ಅಂಗೈಗೂ ಏನೂ ತಿಳಿಯುತ್ತಿರಲಿಲ್ಲ. ಗೆದ್ದ ಹೊತ್ತಿನಲ್ಲಿ ಬೇಡದ ಮಾತು. 'ಏನೂ ಇಲ್ಲ' ಎಂಬ ಎರಡು ಪದ ನಾಲಿಗೆಯ ತುದಿಗೆ ಬಂದಿದ್ದವು. ಸೇತುವೆಯ ಗೋಡೆಗೆ ಉಜ್ಜಿಕೊಂಡು ನಿಂತ ವ್ಯಾನು ಕಣ್ಣ ಮುಂದೆ ಬಂತು. ಮೇಸ್ತ್ರಿ ಕೈ ಚಾಚಿ ಎಂಜಿನ್ ಆರಿಸಿದ.

"ಇವಳಿಗೆ ಕೇಳಿಸ್ತು ಅಂದ್ರೆ ಇದೆ" ಎಂದ.

ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಎಂಜಿನ್ ಹಗುರವಾಗಿ ತಿರುಗುವಂತೆ ಮಾಡಿದ. ಡಾಕ್ಟರಮ್ಮ ತನ್ನ ಚೀಲದಿಂದ ಸ್ಟೆತಾಸ್ಕೋಪ್ ತೆಗೆದು ಆಪರೇಟರಮ್ಮನ ಕಿವಿಗೆ ಹಾಕಿದಳು. "ಹಸುವಿನ ಹೊಟ್ಟೆಗೆ ಇಡೋದು, ಆದ್ರೂ ನಡೆಯತ್ತೆ ಅಮ್ಮಾ" ಎಂದಳು. ಮೇಸ್ತ್ರಿ ನಿಧಾನವಾಗಿ ಹ್ಯಾಂಡಲ್ ತಿರುಗಿಸಿದ. ಆಕೆ ಕಣ್ಣು ಮುಚ್ಚಿ ಎಂಜಿನ್ನಿನ ಮೈಯ ಮೇಲೆ ಬಿಲ್ಲೆಯನ್ನು ಒಂದೊಂದೇ ಅಂಗುಲ ಸರಿಸಿದಳು. ಮುಂದಿನ ಮುಚ್ಚಳದ ಮೇಲೆ ಕೈ ನಿಂತಿತು.

"ಇಲ್ಲಿ. ನೀವು ಎರಡು ಸುತ್ತು ಸುತ್ತಿದ್ರೆ ಒಂದು ಸಲ ಕಿಟ್. ಒಂದು ಸುತ್ತಿಗೆ ಇಲ್ಲ."

"ಎರಡಕ್ಕೆ ಒಂದು? ಸರಿಯಾಗಿ ಕೇಳ್ದೆಯಾ?"

"ಎಣಿಸಿದ್ದೀನಿ."

ಮೇಸ್ತ್ರಿಯ ಮುಖ ಬೆಳಗಿತು. ಕ್ರ್ಯಾಂಕು ಎರಡು ಸುತ್ತು ಸುತ್ತುವಾಗ ಒಂದೇ ಸುತ್ತು ಸುತ್ತುವುದು ವಾಲ್ವುಗಳನ್ನು ಎತ್ತಿಳಿಸುವ ಕ್ಯಾಮು. ರೋಗ ಅದರ ಹಲ್ಲುಚಕ್ರದಲ್ಲೇ ಇರಬೇಕು. ಮುಂದಿನ ಮುಚ್ಚಳ ಬಿಚ್ಚಿದ. ಚಕ್ರವನ್ನು ಬಿಗಿಹಿಡಿಯುವ ಬೋಲ್ಟುಗಳು ಅರ್ಧ ಸುತ್ತು ಸಡಿಲವಾಗಿ, ಚಕ್ರ ಮುಚ್ಚಳಕ್ಕೆ ತಾಗಿ ಒಳಗೊಂದು ಹೊಳೆಯುವ ಗೀರು ಮೂಡಿಸಿತ್ತು. ಬೋಲ್ಟು ಅಲುಗದಂತೆ ಮಡಿಸಬೇಕಾದ ತಗಡು ಮಡಿಸದೆ ಹಾಗೇ ಇತ್ತು. ಕೈಯಲ್ಲಿ ತಿರುಗಿಸಿಟ್ಟು, ಸ್ಪ್ಯಾನರು ತರಲು ಹೋದವನು ಬೇರೆ ಯಾವುದೋ ಕೆಲಸಕ್ಕೆ ತಿರುಗಿ ಮರೆತಿದ್ದ. ತಪ್ಪು ಮೇಸ್ತ್ರಿಯದೇ.

"ಮರೆತದ್ದು ನಾನೇ" ಎಂದು ಎಲ್ಲರ ಮುಂದೆಯೇ ಹೇಳಿದ. "ಏರಿನ ನಡುವೆ ಈ ಹಲ್ಲುಚಕ್ರ ಕಳಚಿದ್ರೆ ಎಂಜಿನ್ ನಿಂತು ಗಾಡಿ ಹಿಂದಕ್ಕೆ ಜಾರ್ತಿತ್ತು."

ಶಿಷ್ಯ ಆ ಗೀರನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ತಾನೇ ಸ್ಪ್ಯಾನರು ತಂದುಕೊಟ್ಟ.

ಮತ್ತೆ ಚಾಲೂ ಮಾಡಿದಾಗ ಆಪರೇಟರಮ್ಮ ಎಂಜಿನ್ನಿನ ಸುತ್ತ ಎರಡು ಸಲ ಬಂದು, ತಲೆಯಾಡಿಸಿ, ಸ್ಟೆತಾಸ್ಕೋಪನ್ನು ಡಾಕ್ಟರಮ್ಮನಿಗೆ ಮರಳಿಸಿದಳು. "ಈಗ ಲೈನ್ ಕ್ಲಿಯರ್" ಎಂದಳು.

ಎರಡು ವಾರ ಜೀಪನ್ನು ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ಪಳಗಿಸಿದರು. ಆಮೇಲೆ ಒಂದು ಬೆಳಗ್ಗೆ ಲಸಿಕೆಯ ಐಸ್ ಪೆಟ್ಟಿಗೆಗಳನ್ನು ಹಿಂದೆ ಹೇರಿ ಮೇಲಿನ ಹಟ್ಟಿಗೆ ಹೊರಟರು. ಸ್ಟಿಯರಿಂಗಿನಲ್ಲಿ ಡಾಕ್ಟರಮ್ಮ, ಪಕ್ಕದಲ್ಲಿ ಮೇಸ್ತ್ರಿ, ಹಿಂದೆ ಪೆಟ್ಟಿಗೆಗಳ ನಡುವೆ ಆಪರೇಟರಮ್ಮ. ಶಿಷ್ಯ ತನ್ನ ಹೊಸ ದೊಡ್ಡ ಗಾಡಿಯಲ್ಲಿ ಹಿಂದೆ ಬಂದ. ನಡುದಾರಿಯಲ್ಲಿ ನಿಂತರೆ ಎಳೆದು ತರಲು ಹಗ್ಗವನ್ನೂ ಇಟ್ಟುಕೊಂಡಿದ್ದ.

ಬಂಡೆಗಳು ಬಂದವು. ಶಿಷ್ಯನ ಗಾಡಿ ಅಲ್ಲೇ ನಿಲ್ಲಬೇಕಾಯಿತು. ಅವನು ಹಗ್ಗವನ್ನು ಒಳಗೇ ಬಿಟ್ಟು, ಓಡಿಬಂದು ಜೀಪಿನ ಹಿಂದಕ್ಕೆ ಹತ್ತಿಕೊಂಡ. ಜೀಪು ಎರಡೂ ಕಡೆ ಒಂದೊಂದು ಗೇಣು ಬಿಟ್ಟು ಬಂಡೆಗಳ ನಡುವೆ ನುಗ್ಗಿ ಆಚೆ ಬಂದಿತು. ಅಲ್ಲಿಂದ ನೆಟ್ಟಗೆ ಏರು. ಸಡಿಲ ಕಲ್ಲು, ಒಂದು ಕಡೆ ಕಣಿವೆ. ಡಾಕ್ಟರಮ್ಮ ಚಿಕ್ಕ ಗೇರು ಹಾಕಿ ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟಳು. ಮೇಸ್ತ್ರಿ ಒಂದು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಒತ್ತಿಕೊಂಡು, ಆಗಾಗ ತಿರುಗಿ ಹೆಂಡತಿಯ ಮುಖ ನೋಡುತ್ತಿದ್ದ. ಆಕೆ ಪ್ರತಿ ಸಲವೂ ತಲೆಯಾಡಿಸುತ್ತಿದ್ದಳು. ಕಡಿದಾದ ತಿರುವಿನಲ್ಲಿ ಹಿಂದಿನ ಚಕ್ರ ಒಮ್ಮೆ ಸರ್ರನೆ ಜಾರಿ ಕಲ್ಲು ಎಸೆಯಿತು. ಎಂಜಿನ್ ಮಾತ್ರ ಏದುಸಿರು ಬಿಡಲಿಲ್ಲ. ಸಮವಾಗಿ, ಹಟಮಾರಿಯಂತೆ ಎಳೆಯಿತು.

ಜೀಪಿನ ಸದ್ದು ಹಟ್ಟಿಯವರಿಗೆ ಮೊದಲೇ ಮುಟ್ಟಿತ್ತು. ಗುಡ್ಡದ ನೆತ್ತಿಯಲ್ಲಿ ಜನ ಸಾಲಾಗಿ ನಿಂತಿದ್ದರು. "ಬಂತು! ಡಾಕ್ಟರಮ್ಮನ ಗಾಡಿ ಬಂತು!" ಎಂದು ಕೈ ಬೀಸಿ ಕೂಗಿದರು. ಕೂಗು ಮೇಸ್ತ್ರಿಯ ಕಿವಿಗೆ ಮುಟ್ಟಲಿಲ್ಲ, ತೆರೆದ ಬಾಯಿಗಳೂ ಎತ್ತಿದ ಕೈಗಳೂ ಕಂಡವು. ಅವನು ಟೋಪಿ ತೆಗೆದು ತಾನೂ ಬೀಸಿದ. ನಲವತ್ತು ವರ್ಷದಲ್ಲಿ ಎಷ್ಟೋ ಗಾಡಿ ಎಬ್ಬಿಸಿ ಕಳಿಸಿದ್ದ. ಅವು ಹೋಗಿ ಮುಟ್ಟುವ ಊರನ್ನು ಎಂದೂ ನೋಡಿರಲಿಲ್ಲ.

ಪೆಟ್ಟಿಗೆ ತೆರೆದಾಗ ಐಸು ಇನ್ನೂ ಗಟ್ಟಿಯಾಗಿಯೇ ಇತ್ತು. ಇಳಿಹೊತ್ತಿನವರೆಗೆ ಮುನ್ನೂರ ಹನ್ನೆರಡು ಜಾನುವಾರುಗಳಿಗೆ ಲಸಿಕೆ ಬಿತ್ತು. ಮೇಸ್ತ್ರಿಯನ್ನು ಆಡು ಹಿಡಿಯುವ ಕೆಲಸಕ್ಕೆ ಹಚ್ಚಿದರು. ಒಂದು ಹೋತ ಅವನನ್ನು ಕೆಡವಿ ಮೇಲೆ ಹತ್ತಿ ನಿಂತಿತು. ಆಪರೇಟರಮ್ಮ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಹೊರಡುವ ಮುಂಚೆ ಶಿಷ್ಯ ಎಂಜಿನ್ನಿನ ಆಯಿಲ್ ಕಡ್ಡಿ ಎಳೆದು ನೋಡಿದ. ಬೆಳಗ್ಗೆ ಇದ್ದ ಗೆರೆಯಲ್ಲೇ ಇತ್ತು. ಹಿಂದಿನ ಹೊಗೆಕೊಳವೆಯೊಳಗೆ ಬೆರಳು ಹಾಕಿ ಹೊರಗೆ ತೆಗೆದ. ಬೆರಳಿಗೆ ಎಣ್ಣೆ ಹತ್ತಲಿಲ್ಲ, ತೆಳ್ಳನೆಯ ಒಣ ಬೂದಿ ಮಾತ್ರ. ಆ ಬೆರಳನ್ನು ಮೇಸ್ತ್ರಿಯ ಮುಂದೆ ಹಿಡಿದು, ಕಿವಿಯ ಹತ್ತಿರ ಬಾಗಿ ಹೇಳಿದ:

"ನಾನಾಗಿದ್ರೆ ಚಾಸಿ ಕತ್ತರಿಸ್ಬಿಡ್ತಿದ್ದೆ ಮೇಸ್ತ್ರಿ."

"ಗೊತ್ತು."

"ನಾಳೆಯಿಂದ ಬನ್ನಿ. ಕೌಂಟರಿಗಲ್ಲ. ಎಂಜಿನ್ ಕೆಲಸಕ್ಕೆ."

ಮೇಸ್ತ್ರಿ ಹೆಂಡತಿಯ ಕಡೆ ಕೈ ತೋರಿಸಿದ. "ಒಬ್ಬನೇ ಬರಲ್ಲ. ಬಂದ್ರೆ ಇಬ್ಬರೂ."

"ನನಗೆ ಒಂದು ಒಳ್ಳೇ ಕುರ್ಚಿ ಬೇಕು" ಎಂದಳು ಆಪರೇಟರಮ್ಮ. "ಮತ್ತೆ ನಾನು ಕೇಳೋವಾಗ ನಿಮ್ಮ ಹುಡುಗರೆಲ್ಲ ಬಾಯಿ ಮುಚ್ಕೊಂಡಿರ್ಬೇಕು. ರೇಡಿಯೋ ಕೂಡ."

ಶಿಷ್ಯ ಎರಡಕ್ಕೂ ಒಪ್ಪಿದ.

ಈಗ ವಾರಕ್ಕೆ ಮೂರು ದಿನ ಗಂಡ ಹೆಂಡತಿ ಒಟ್ಟಿಗೆ ಗ್ಯಾರೇಜಿಗೆ ಹೋಗುತ್ತಾರೆ. ಉಳಿದ ದಿನ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಜೀಪುಗಳ ಎಂಜಿನ್ ಕಟ್ಟುತ್ತಾರೆ. ಸುದ್ದಿ ಕೇಳಿ ದೂರದೂರದಿಂದ ಜನ ಎಳೆದು ತಂದು ಬಿಟ್ಟುಹೋಗುತ್ತಾರೆ. ಸದ್ಯಕ್ಕೆ ಅಲ್ಲಿರುವುದು ಏಳನೆಯದು. ಅದರ ಮಾಲೀಕನಿಗೆ ಮಹಾ ಅವಸರ, ದಿನಾ ಬಂದು ಆಯ್ತಾ ಆಯ್ತಾ ಎಂದು ಜೀವ ತಿನ್ನುತ್ತಿದ್ದ. ನಿನ್ನೆ ಮೇಸ್ತ್ರಿ ಅವನ ಅಂಗಿಯ ತೋಳು ಮಡಿಸಿ, ಕೈಗೆ ಕಡ್ಡಿಯೂ ಪೇಸ್ಟೂ ಕೊಟ್ಟು ವಾಲ್ವ್ ಉಜ್ಜಲು ಕೂರಿಸಿದ್ದಾನೆ. ಎಂಟು ವಾಲ್ವುಗಳಲ್ಲಿ ಐದು ಮುಗಿದಿವೆ.